ಸರ್ಪಸುತ್ತಿನ ತಲೆ-ಬಾಲ ಕೂಡಿದರೆ ಸಾವು ಖಚಿತವೇ?

ಸೊಂಟದ ಒಂದು ಬದಿಯಲ್ಲಿ ಉರಿ ಉರಿ ಗುಳ್ಳೆ ಎದ್ದಿದೆ ಎಂದರೆ ಸಾಕು, ಅಕ್ಕಪಕ್ಕದವರಿಂದಲೂ ವಾಟ್ಸಾಪ್‌ನಿಂದಲೂ ಬರುವ ಮಾತು ಒಂದೇ: ಇದು ಸರ್ಪಸುತ್ತು, ಸುತ್ತಿಕೊಳ್ಳುತ್ತಾ ಹೋಗಿ ತಲೆ-ಬಾಲ ಕೂಡಿದರೆ ಆಸಾಮಿ ಉಳಿಯುವುದಿಲ್ಲ. ಜೊತೆಗೆ ಇನ್ನೆರಡು ಸಲಹೆ: ಕೆಮ್ಮಣ್ಣು ಹಚ್ಚಿ, ಇಂಗ್ಲಿಷ್ ಔಷಧಿ ಮುಟ್ಟಬೇಡಿ. ಮೊದಲನೆಯ ಮಾತು ಸುಳ್ಳು. ಕೊನೆಯದು ಸುಳ್ಳಷ್ಟೇ ಅಲ್ಲ, ಅಪಾಯಕಾರಿ.

ಸರ್ಪಸುತ್ತಿಗೂ ಹಾವಿಗೂ ಸಂಬಂಧವಿಲ್ಲ. ಇದು ವೈರಸ್ಸಿನ ಕೆಲಸ. ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಜೋಸ್ಟರ್ ಎಂದರೆ ಸೊಂಟದ ಪಟ್ಟಿ. ಅವರಿಗೆ ಪಟ್ಟಿಯಂತೆ ಕಂಡದ್ದು ನಮ್ಮ ಹಿರಿಯರಿಗೆ ಹಾವಿನಂತೆ ಕಂಡಿತು, ಅಷ್ಟೇ. ಚಿಕ್ಕಂದಿನಲ್ಲಿ 'ಅಮ್ಮ' ಬಂದಿತ್ತು ಎನ್ನುತ್ತೇವಲ್ಲ, ಆ ಚಿಕನ್ ಪಾಕ್ಸ್ ತರುವ ವೈರಸ್ಸೇ ಇದು. ಗುಳ್ಳೆ ಮಾಯವಾದರೂ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿರುತ್ತದೆ. ವಯಸ್ಸು 50 ದಾಟಿದಾಗ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ಹೆಚ್ಚು ದಿನದ ಸ್ಟೀರಾಯ್ಡ್ ಮಾತ್ರೆ ಮುಂತಾದವುಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಎಚ್ಚರಗೊಂಡು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ.

ತಲೆ-ಬಾಲ ಏಕೆ ಕೂಡುವುದಿಲ್ಲ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಬೆನ್ನುಮೂಳೆಯಿಂದ ಹೊರಡುವ ನರಗಳಲ್ಲಿ ಎಡಗಡೆಯವು ಎಡಕ್ಕೆ, ಬಲಗಡೆಯವು ಬಲಕ್ಕೆ. ಒಂದು ನರದಲ್ಲಿ ಬಂದ ವೈರಸ್ ಹೊಟ್ಟೆಯ ನಡುಗೆರೆಯವರೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಗುಳ್ಳೆಗಳು ಅರ್ಧ ಸುತ್ತು ಮಾತ್ರ. ಅಪರೂಪಕ್ಕೆ ಎರಡೂ ಬದಿಗೆ ಅಥವಾ ಮೈತುಂಬಾ ಹರಡಿದರೆ ದೇಹದ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದೆ ಎಂದು ಅನುಮಾನಿಸಬೇಕು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದಕ್ಕೂ ಚಿಕಿತ್ಸೆ ಇದೆ.

ಹಾಗಾದರೆ ಕೆಮ್ಮಣ್ಣು ಹಚ್ಚಿದವರಿಗೆ ವಾಸಿಯಾದದ್ದು ಹೇಗೆ? ಏನೂ ಹಚ್ಚದಿದ್ದರೂ ಗುಳ್ಳೆಗಳು 7ರಿಂದ 10 ದಿನಕ್ಕೆ ಹಕ್ಕಳೆಗಟ್ಟಿ, ಎರಡರಿಂದ ನಾಲ್ಕು ವಾರದಲ್ಲಿ ಮಾಯುತ್ತವೆ. ಕೀರ್ತಿ ಮಣ್ಣಿಗೆ ಹೋಗುತ್ತದೆ. ಆದರೆ ಒಡೆದ ಗುಳ್ಳೆಯ ಮೇಲೆ ಮಣ್ಣು ಮೆತ್ತಿದರೆ ಕೀವಾಗಬಹುದು. ಅದಕ್ಕಿಂತ ದೊಡ್ಡ ನಷ್ಟ ಸಮಯದ್ದು. ಅಸೈಕ್ಲೋವಿರ್, ವಾಲಾಸೈಕ್ಲೋವಿರ್‌ನಂಥ ವೈರಸ್ ನಿರೋಧಕ ಮಾತ್ರೆಗಳು ಗುಳ್ಳೆ ಕಾಣಿಸಿಕೊಂಡ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಮಣ್ಣು, ಮಂತ್ರ ಎಂದು ಓಡಾಡುವಾಗ ಕಳೆದುಹೋಗುವುದು ಈ ಮೂರು ದಿನಗಳೇ. ಹರಕೆ, ಪೂಜೆ ಅವರವರ ನಂಬಿಕೆ, ನಮ್ಮ ತಕರಾರಿಲ್ಲ; ಅದನ್ನು ಮಾತ್ರೆ ಶುರುಮಾಡಿದ ಮೇಲೂ ಮಾಡಬಹುದು. ಮೂರು ದಿನ ದಾಟಿದ್ದರೂ ವೈದ್ಯರನ್ನು ಕಾಣಿ, ಹೊಸ ಗುಳ್ಳೆ ಏಳುತ್ತಿದ್ದರಂತೂ ಖಂಡಿತ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರಬೇಡಿ, ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಬೇರೆ.

ಚರ್ಮ ಮಾಯ್ದ ಮೇಲೂ ಕೆಲವರಿಗೆ ನರದ ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಬಟ್ಟೆ ತಾಗಿದರೂ ಬೆಂಕಿ ತಾಗಿದಂತೆ. ವಯಸ್ಸಾದವರಲ್ಲಿ ಇದು ಹೆಚ್ಚು. 'ಗುಳ್ಳೆ ಹೋಯ್ತಲ್ಲ, ಇನ್ನೇನು ನೋವು' ಎಂದು ಅಜ್ಜಿಯನ್ನು ಗದರಬೇಡಿ, ಆ ನೋವಿಗೂ ಬೇರೆ ಔಷಧಿಗಳಿವೆ.

ಒಂದು ಗಂಟೆಯೂ ಕಾಯಬಾರದ ಜಾಗ ಮುಖ. ಹಣೆ, ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಹರಡಿ ದೃಷ್ಟಿಗೇ ಕುತ್ತು ಬರಬಹುದು, ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಕಿವಿಯಲ್ಲಿ ಗುಳ್ಳೆಯೆದ್ದು ಬಾಯಿ ಒಂದು ಕಡೆ ವಾಲಿದರೂ ಅಷ್ಟೇ ತುರ್ತು.

ಉರಿಯುವ ಗುಳ್ಳೆಗಳೆಲ್ಲ ಸರ್ಪಸುತ್ತಲ್ಲ ಎಂಬುದನ್ನೂ ಹೇಳಬೇಕು. ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಕಿತ್ತಳೆ-ಕಪ್ಪು ಬಣ್ಣದ ಇರುವೆಯಂಥ ಒಂದು ಹುಳುವನ್ನು ಮೈಮೇಲೆ ಉಜ್ಜಿದರೆ ಬೆಳಗ್ಗೆ ಗೆರೆ ಎಳೆದಂತೆ ಉರಿಗುಳ್ಳೆ ಏಳುತ್ತದೆ. ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ಗುಳ್ಳೆಗೆ ಒಂದೆರಡು ದಿನ ಮೊದಲೇ ಅದೇ ಜಾಗದಲ್ಲಿ ಚುಚ್ಚುವ ನೋವಿರುತ್ತದೆ. ಇನ್ನು ಯಾವುದೇ ದದ್ದಾಗಲಿ, ಜೊತೆಗೆ ಉಸಿರಾಟಕ್ಕೆ ಕಷ್ಟ, ತುಟಿ-ಮುಖ ಊತ, ಹೊಸ ಮಾತ್ರೆ ತಿಂದ ಮೇಲೆ ಬಾಯಲ್ಲಿ ಹುಣ್ಣು ಇಲ್ಲವೇ ಜ್ವರದೊಂದಿಗೆ ಒತ್ತಿದರೂ ಮಾಸದ ನೇರಳೆ ಚುಕ್ಕೆ ಕಂಡರೆ ಮನೆಮದ್ದಿನ ಮಾತೇ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಅಂಟುತ್ತದೆಯೇ? ಸರ್ಪಸುತ್ತು ಅಂಟುವುದಿಲ್ಲ. ಆದರೆ ಹಸಿ ಗುಳ್ಳೆಯ ನೀರಿನಿಂದ, ಹಿಂದೆ ಚಿಕನ್ ಪಾಕ್ಸ್ ಬಾರದ, ಅದರ ಲಸಿಕೆಯನ್ನೂ ಪಡೆಯದ ಇತರರಿಗೆ ಚಿಕನ್ ಪಾಕ್ಸ್ ಬರಬಹುದು. ಹಕ್ಕಳೆಗಟ್ಟುವವರೆಗೆ ಗುಳ್ಳೆಯನ್ನು ಶುದ್ಧ ಬಟ್ಟೆಯಿಂದ ಮುಚ್ಚಿ, ಗರ್ಭಿಣಿಯರು ಮತ್ತು ಹಸುಗೂಸುಗಳಿಂದ ದೂರವಿರಿ. 50 ದಾಟಿದವರಿಗೆ ಸರ್ಪಸುತ್ತಿನದೇ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಬೆಲೆ ದುಬಾರಿ, ಹಾಗಾಗಿ ಯಾರಿಗೆ ಅಗತ್ಯ ಎಂಬುದನ್ನು ನಿಮ್ಮ ವೈದ್ಯರನ್ನು ಕೇಳಿ ತೀರ್ಮಾನಿಸಿ.