ಬಿಗಿತಕ್ಕೊಂದು ಅಳತೆ

ಮುಂಬಯಿಯಲ್ಲಿ ರಜಾದಿನಗಳಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿದ್ದೇನೆ. ಮೊನ್ನೆ ಹಾಯಿಕಂಬದ ಪಕ್ಕದ ತಂತಿಯನ್ನು ಬಿಗಿದು, ಬೆರಳಿನಿಂದ ಮೀಟಿ ‘ಸಾಕು’ ಎಂದೆ. ಕಲಿಸುವವರು ಒಪ್ಪಲಿಲ್ಲ, ತಂತಿಗೆ ಅಳತೆಪಟ್ಟಿ ಕಟ್ಟಿದರು. ಕಂಬದ ಹಗ್ಗಕ್ಕೆ ಅಳತೆ ಯಾಕೆ ಬೇಕಾಯಿತೆಂದು ಇತಿಹಾಸ ಹುಡುಕಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಹಡಗುಗಳ ಕಂಬಗಳನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಡಾಂಬರು ಬಳಿದ ಸೆಣಬಿನ ಹಗ್ಗ. ನೆನೆದರೆ ಬಿಗಿಯುತ್ತಿತ್ತು, ಒಣಗಿದರೆ ಸಡಿಲವಾಗುತ್ತಿತ್ತು. ಮೂರು ತೂತಿನ ಮರದ ಬಿಲ್ಲೆಗಳ ನಡುವೆ ಹುರಿ ಪೋಣಿಸಿ ನಾವಿಕರು ಮತ್ತೆ ಮತ್ತೆ ಎಳೆದು ಬಿಗಿಯುತ್ತಿದ್ದರು. ಕಣ್ಣು, ಕೈಗಳೇ ಅವರ ಮಾಪಕ.

1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯಲ್ಲಿ, ಗಣಿಯ ಸರಪಳಿಗಳು ತುಂಡಾಗುವುದನ್ನು ಕಂಡಿದ್ದ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದರು. ಮುಂದಿನ ದಶಕಗಳಲ್ಲಿ ಆ ತಂತಿಹಗ್ಗ ಹಡಗನ್ನೂ ಏರಿತು. ಅದು ಹಿಗ್ಗುವುದು ಕೂದಲೆಳೆಯಷ್ಟು. ಬೆರಳಿಗೆ ಗೊತ್ತೇ ಆಗದು.

ಇಂದಿನ 19 ಎಳೆಯ ಸ್ಟೇನ್‌ಲೆಸ್ ತಂತಿಯಲ್ಲಿ 2 ಮೀಟರ್ ಉದ್ದ 1 ಮಿಲಿಮೀಟರ್ ಹಿಗ್ಗಿದರೆ, ಎಳೆತವು ಅದು ತುಂಡಾಗುವ ಭಾರದ ಸುಮಾರು ಶೇ. 5. ನಮ್ಮ ದೋಣಿಗೆ ಬೇಕಿದ್ದದ್ದು ಶೇ. 15, ಅಂದರೆ 3 ಮಿಲಿಮೀಟರ್. ನನ್ನ ‘ಸಾಕು’ ಒಂದನ್ನೂ ಮುಟ್ಟಿರಲಿಲ್ಲ. ಅಷ್ಟು ಸಡಿಲ ಬಿಟ್ಟರೆ ಜೋರು ಗಾಳಿಯಲ್ಲಿ ಕಂಬ ಜಗ್ಗಾಡಿ ಮುರಿಯಲೂಬಹುದು.

ಪ್ರಾಜೆಕ್ಟ್ ಸಭೆಗಳಲ್ಲಿ ಎಷ್ಟು ಸಲ ಹೀಗೇ ‘ಸಾಕು’ ಅಂದಿದ್ದೇನೋ!