ಜಾನಿಸ್ ಜಾಪ್ಲಿನ್ನಳ ಆಲ್ಬಂಗಳೂ ಆಕೆಯ ಹಿಮ್ಮೇಳಗಳೂ

ಗಾಯನದ ಚರಿತ್ರೆಯನ್ನು ಬರೆಯುವವರು ಕಂಠವನ್ನು ಕುರಿತು ವಿಸ್ತಾರವಾಗಿ ಬರೆದು, ಹಿಮ್ಮೇಳವನ್ನು ಒಂದೆರಡು ಮಾತುಗಳಲ್ಲಿ ಮುಗಿಸುವುದು ವಾಡಿಕೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಬ್ಲೂಸ್ ಗಾಯಕಿ ಜಾನಿಸ್ ಜಾಪ್ಲಿನ್ನಳ (1943–1970) ವಿಷಯದಲ್ಲಿ ಈ ವಾಡಿಕೆಯು ಒಂದು ಸಿದ್ಧಾಂತದ ರೂಪವನ್ನೇ ತಾಳಿದೆ. ಆಕೆಯ ಕಂಠವು ಅಸಾಧಾರಣವಾದುದು. ಆಕೆಯ ಮೊದಲನೆಯ ಹಿಮ್ಮೇಳವು ಅಪಕ್ವವಾದುದು. ಅದನ್ನು ತೊರೆದು ನುರಿತ ವಾದಕರನ್ನು ಕೂಡಿಕೊಂಡ ಬಳಿಕವೇ ಆಕೆಯ ಕಲೆಯು ಪರಿಣತಿಯನ್ನು ಪಡೆಯಿತು ಎಂಬುದೇ ಆ ಸಿದ್ಧಾಂತ. ಇದರಲ್ಲಿ ಸತ್ಯಾಂಶವು ಇಲ್ಲದೆ ಇಲ್ಲ. ಆದರೆ ಆಕೆಯ ನಾಲ್ಕು ಆಲ್ಬಂಗಳನ್ನು ಕಾಲಾನುಕ್ರಮದಲ್ಲಿಟ್ಟು ಪರಿಶೀಲಿಸಿದಲ್ಲಿ ಈ ಮತವನ್ನು ಬಹುಮಟ್ಟಿಗೆ ತಿದ್ದಿಕೊಳ್ಳಬೇಕಾಗುತ್ತದೆ. ಹಿಮ್ಮೇಳವು ಕಂಠವೆಂಬ ರತ್ನವನ್ನು ಕೂರಿಸುವ ಕುಂದಣ ಮಾತ್ರವಲ್ಲ. ಆ ಕಂಠವು ಏನನ್ನು ಹಾಡಬಲ್ಲುದೆಂಬುದನ್ನು ಒಂದು ಪಾಲು ಅದೇ ನಿರ್ಣಯಿಸುತ್ತದೆ.

ಈ ವಿಚಾರವು ಬ್ಲೂಸಿನ ರಚನೆಯಲ್ಲಿಯೇ ಅಡಗಿದೆ. ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರ ಸಂತತಿಯಲ್ಲಿ ಹುಟ್ಟಿದ ಈ ಗೀತಪ್ರಕಾರದ ಪ್ರಸಿದ್ಧವಾದ ರೂಪದಲ್ಲಿ ಹನ್ನೆರಡು ತಾಳಖಂಡಗಳೂ ಮೂರು ಸಾಲುಗಳೂ ಇರುತ್ತವೆ. ಮೊದಲನೆಯ ಸಾಲನ್ನು ಎರಡನೆಯ ಸಲವೂ ಹಾಡಿ, ಮೂರನೆಯ ಸಾಲಿನಲ್ಲಿ ಭಾವವನ್ನು ಮುಗಿಸುವರು. ಒಂದೊಂದು ಸಾಲಿಗೂ ನಾಲ್ಕು ಖಂಡಗಳ ಅವಕಾಶವಿದ್ದರೂ ಕಂಠವು ಅದರಲ್ಲಿ ಅರ್ಧವನ್ನು ಮಾತ್ರ ಬಳಸಿಕೊಂಡು, ಉಳಿದುದನ್ನು ವಾದ್ಯಕ್ಕೆ ಬಿಟ್ಟುಕೊಡುತ್ತದೆ. ಕಂಠವು ನುಡಿದುದಕ್ಕೆ ವಾದ್ಯವು ಮರುನುಡಿಯಬೇಕು. ಧ್ವನಿಮುದ್ರಿಕೆಗಳಲ್ಲಿ ಬ್ಲೂಸನ್ನು ಮೊದಲು ನೆಲೆಗೊಳಿಸಿದವರು ಸ್ತ್ರೀಯರು. ಮೇಮಿ ಸ್ಮಿತ್ ಎಂಬಾಕೆಯ ಮುದ್ರಿಕೆಯು 1920ರಲ್ಲಿ ಹೊರಬಿದ್ದಿತು; 1923ರಲ್ಲಿ ಮಾ ರೇನಿಯೂ ಬೆಸ್ಸಿ ಸ್ಮಿತ್ತಳೂ ಮುದ್ರಣಕ್ಕೆ ಹಾಡತೊಡಗಿದರು. 1925ರಲ್ಲಿ ಬೆಸ್ಸಿ ಸ್ಮಿತ್ತಳು ಹಾಡಿದ ‘ಸೇಂಟ್ ಲೂಯಿಸ್ ಬ್ಲೂಸ್’ ಎಂಬ ಗೀತದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ಕಾರ್ನೆಟ್ ವಾದ್ಯವು ಪ್ರತಿಯೊಂದು ಸಾಲಿನ ತುದಿಯಲ್ಲಿಯೂ ಉತ್ತರವನ್ನೀಯುತ್ತದೆ. ಅದನ್ನು ತೆಗೆದುಹಾಕಿದರೆ ಅಲ್ಲಿ ಉಳಿಯುವುದು ಅರ್ಧ ಸಂಭಾಷಣೆ ಮಾತ್ರ. ಆದಕಾರಣ ಬ್ಲೂಸ್ ಗಾಯಕಿಯ ಕಲೆಯನ್ನು ಅಳೆಯುವಾಗ ಹಿಮ್ಮೇಳದ ಪ್ರಶ್ನೆಯು ಹೊರಗಿನಿಂದ ತಂದು ಅಂಟಿಸಿದುದಾಗಲಾರದು.

ಜಾನಿಸ್ ಜಾಪ್ಲಿನ್ನಳು 1943ನೆಯ ಇಸವಿ ಜನವರಿ 19ರಂದು ಟೆಕ್ಸಾಸ್ ಸಂಸ್ಥಾನದ ಪೋರ್ಟ್ ಆರ್ಥರ್ ಎಂಬ ಎಣ್ಣೆ ಶುದ್ಧಿಯ ಕೈಗಾರಿಕೆಯ ಪಟ್ಟಣದಲ್ಲಿ, ಬಿಳಿಯರ ಮನೆತನವೊಂದರಲ್ಲಿ ಹುಟ್ಟಿದಳು. ತಾರುಣ್ಯದಲ್ಲಿಯೇ ಬೆಸ್ಸಿ ಸ್ಮಿತ್, ಲೆಡ್ ಬೆಲಿ ಮೊದಲಾದವರ ಮುದ್ರಿಕೆಗಳನ್ನು ಕೇಳಿ ಹಾಡುವುದನ್ನು ಅಭ್ಯಾಸಮಾಡಿದಳು. 1966ರ ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದು ‘ಬಿಗ್ ಬ್ರದರ್ ಅಂಡ್ ದಿ ಹೋಲ್ಡಿಂಗ್ ಕಂಪನಿ’ ಎಂಬ ಮೇಳವನ್ನು ಸೇರಿದಳು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಮೇಳವು ಆಕೆಗಾಗಿ ಕಟ್ಟಿದುದಲ್ಲ. ಆಕೆಯು ಬರುವುದಕ್ಕೆ ಮೊದಲೇ ಇದ್ದುದು. ಗಿಟಾರಿನಲ್ಲಿ ಸ್ಯಾಮ್ ಆಂಡ್ರ್ಯೂ ಮತ್ತು ಜೇಮ್ಸ್ ಗರ್ಲೆ, ಬೇಸ್ ಗಿಟಾರಿನಲ್ಲಿ ಪೀಟರ್ ಆಲ್ಬಿನ್, ಡ್ರಮ್ಮಿನಲ್ಲಿ ಡೇವ್ ಗೆಟ್ಜ್—ಈ ನಾಲ್ವರ ನಡುವೆ ಆಕೆಯು ಐದನೆಯವಳಾಗಿ ನಿಂತಳು. 1967ರ ಆಗಸ್ಟಿನಲ್ಲಿ ಮೇನ್‌ಸ್ಟ್ರೀಮ್ ಕಂಪನಿಯು ಹೊರತಂದ ಮೊದಲನೆಯ ಆಲ್ಬಮಿಗೆ ಮೇಳದ ಹೆಸರೇ ಹೆಸರು. ಅದರ ಹಾಡುಗಳು ಚಿಕ್ಕವು. ಕೆಲವನ್ನು ಇತರರೂ ಹಾಡಿದ್ದಾರೆ. ಆಕೆಯ ಕಂಠವು ಅಲ್ಲಿ ಇನ್ನೂ ಕಟ್ಟೊಳಗಿನ ನೀರಿನಂತಿದೆ.

ಆ ಕಟ್ಟು ಒಡೆದುದು ಅದೇ ವರ್ಷದ ಜೂನಿನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ನಡೆದ ಸಂಗೀತೋತ್ಸವದಲ್ಲಿ. ಅಲ್ಲಿ ಆಕೆಯ ಕೀರ್ತಿಯನ್ನು ನೆಲೆಗೊಳಿಸಿದ ‘ಬಾಲ್ ಅಂಡ್ ಚೇನ್’ ಎಂಬ ಗೀತವು ಆಕೆಯದಲ್ಲ. ‘ಬಿಗ್ ಮಾಮಾ’ ಎಂದು ಹೆಸರಾದ ಕರಿಯ ಗಾಯಕಿ ವಿಲ್ಲಿ ಮೇ ಥಾರ್ನ್‌ಟನ್ನಳ ರಚನೆ. ಮೂಲದಲ್ಲಿ ಮೇಜರ್ ಸ್ವರಶ್ರೇಣಿಯಲ್ಲಿದ್ದ ಈ ಗೀತವನ್ನು ಬಿಗ್ ಬ್ರದರ್ ಮೇಳದವರು ಮೈನರ್ ಶ್ರೇಣಿಗೆ ಇಳಿಸಿ, ಗತಿಯನ್ನು ನಿಧಾನಗೊಳಿಸಿ, ನಡುನಡುವೆ ನಿಶ್ಶಬ್ದದ ತಾಣಗಳನ್ನು ಕಲ್ಪಿಸಿದರು. ಥಾರ್ನ್‌ಟನ್ನಳಲ್ಲಿ ಧೃತಿಯಿಂದ ಕೂಡಿದ ದುಃಖವಾಗಿದ್ದುದು ಇಲ್ಲಿ ಆರ್ತನಾದವಾಯಿತು. ಈ ಮಾರ್ಪಾಡು ಕಂಠದ ಕೆಲಸವಲ್ಲ, ಮೇಳದ ಕೆಲಸ. ಕಂಠವು ಕೂಗಿ ನಿಲ್ಲುವ ಆ ತಾಣಗಳನ್ನು ಮೊದಲು ಹಿಮ್ಮೇಳವು ಮೌನದಿಂದ ಕೆತ್ತಿಕೊಟ್ಟಿತು.

ಎರಡನೆಯ ಆಲ್ಬಂ ‘ಚೀಪ್ ಥ್ರಿಲ್ಸ್’ 1968ರ ಆಗಸ್ಟಿನಲ್ಲಿ ಕೊಲಂಬಿಯಾ ಕಂಪನಿಯಿಂದ ಪ್ರಕಟವಾಯಿತು. ಮುದ್ರಣದ ಮೇಲ್ವಿಚಾರಣೆಯನ್ನು ವಹಿಸಿದವನು ಜಾನ್ ಸೈಮನ್. ಹೊದಿಕೆಯ ಚಿತ್ರಗಳನ್ನು ಬರೆದವನು ರಾಬರ್ಟ್ ಕ್ರಂಬ್. ಇದರ ಏಳು ಹಾಡುಗಳಲ್ಲಿ ‘ಬಾಲ್ ಅಂಡ್ ಚೇನ್’ ಒಂದು ಮಾತ್ರ ಸಭೆಯ ಮುಂದೆ ಹಾಡಿದಾಗ ಮುದ್ರಿಸಿದುದು; ಉಳಿದವನ್ನು ಸ್ಟುಡಿಯೋದಲ್ಲಿ ಮುದ್ರಿಸಿ, ಜನಸಮೂಹದ ಗದ್ದಲವನ್ನು ಅನಂತರ ಸೇರಿಸಿದರು. ಮೇಳವು ಸಭೆಯ ಮುಂದೆ ತೋರುವ ಕಾವನ್ನು ಸ್ಟುಡಿಯೋದಲ್ಲಿ ತೋರಲಾರದೆಂಬ ಅಳುಕೇ ಇದಕ್ಕೆ ಕಾರಣವೆಂದು ಊಹಿಸಬಹುದು. ಆದರೂ ‘ಸಮ್ಮರ್‌ಟೈಮ್’ ಎಂಬ ಗರ್ಷ್ವಿನ್ನನ ಗೀತವನ್ನು ಲಕ್ಷ್ಯವಿಟ್ಟು ಕೇಳಿದವರು ಈ ವಾದಕರನ್ನು ಸುಮ್ಮನೆ ಅಪಕ್ವರೆಂದು ಕರೆಯಲಾರರು. ಅಲ್ಲಿ ಎರಡು ಗಿಟಾರುಗಳು ಒಂದನ್ನೊಂದು ಹೆಣೆದುಕೊಂಡು ಸಾಗುತ್ತವೆ. ಕಂಠವು ಆ ಹೆಣಿಗೆಯಲ್ಲಿ ಮೂರನೆಯ ಎಳೆಯಾಗಿ ಸೇರುತ್ತದೆ. ಈ ಆಲ್ಬಂ ಅಮೆರಿಕಾದ ಮಾರಾಟದ ಪಟ್ಟಿಯಲ್ಲಿ ಎಂಟು ವಾರಗಳ ಕಾಲ ಮೊದಲನೆಯ ಸ್ಥಾನದಲ್ಲಿದ್ದಿತು.

ಇಂಥ ಜಯವೇ ಮೇಳವನ್ನು ಒಡೆಯಿತು. ಗಾಯಕಿಯು ಮೇಲು, ವಾದಕರು ಕೀಳು ಎಂಬ ಮಾತು ಪತ್ರಿಕೆಗಳ ವಿಮರ್ಶೆಗಳಲ್ಲಿ ಮತ್ತೆಮತ್ತೆ ಬರುತ್ತಿದ್ದಿತು. 1968ರ ಡಿಸೆಂಬರ್ ಮೊದಲ ದಿನದ ಕಛೇರಿಯೊಡನೆ ಆಕೆಯು ಬಿಗ್ ಬ್ರದರನ್ನು ಬಿಟ್ಟಳು. ಅವರಲ್ಲಿ ಸ್ಯಾಮ್ ಆಂಡ್ರ್ಯೂ ಒಬ್ಬನೇ ಆಕೆಯ ಸಂಗಡ ಹೊರಟನು. ಮೂರು ವಾರಗಳೊಳಗಾಗಿ, ಡಿಸೆಂಬರ್ 21ರಂದು, ಮೆಂಫಿಸ್ ನಗರದಲ್ಲಿ ಸ್ಟ್ಯಾಕ್ಸ್ ಕಂಪನಿಯವರ ಉತ್ಸವದಲ್ಲಿ ಹೊಸ ಮೇಳವು ರಂಗಕ್ಕೇರಿತು. ಸೋಲ್ ಸಂಗೀತದ ತವರಾದ ಆ ಊರಿನ ಸಭೆಯು ಆಕೆಯನ್ನು ತಣ್ಣಗೆ ಬರಮಾಡಿಕೊಂಡಿತು. ಸ್ಯಾಕ್ಸೊಫೋನ್, ಟ್ರಂಪೆಟ್, ಆರ್ಗನ್ ಮುಂತಾದುವುಗಳಿಂದ ಕೂಡಿದ ಈ ದೊಡ್ಡ ಮೇಳಕ್ಕೆ ಮುಂದೆ ‘ಕಾಜ್ಮಿಕ್ ಬ್ಲೂಸ್ ಬ್ಯಾಂಡ್’ ಎಂಬ ಹೆಸರು ರೂಢಿಯಾಯಿತು.

ಗೇಬ್ರಿಯಲ್ ಮೆಕ್ಲರನ ಮೇಲ್ವಿಚಾರಣೆಯಲ್ಲಿ ಸಿದ್ಧವಾಗಿ 1969ರ ಸೆಪ್ಟೆಂಬರಿನಲ್ಲಿ ಹೊರಬಂದ ಮೂರನೆಯ ಆಲ್ಬಂ ಆಕೆಯೊಬ್ಬಳ ಹೆಸರಿನಲ್ಲಿಯೇ ಪ್ರಕಟವಾಯಿತು. ಅದು ಮಾರಾಟದ ಪಟ್ಟಿಯಲ್ಲಿ ಐದನೆಯ ಸ್ಥಾನದವರೆಗೆ ಏರಿತು. ವಾದಕರು ಕುಶಲರು, ಶ್ರುತಿ ತಾಳಗಳಲ್ಲಿ ದೋಷವಿಲ್ಲ. ರಾಡ್ಜರ್ಸ್ ಮತ್ತು ಹಾರ್ಟ್ ಎಂಬುವರ ‘ಲಿಟಲ್ ಗರ್ಲ್ ಬ್ಲೂ’ ಗೀತವನ್ನು ಆಕೆಯು ಮೆಲುದನಿಯಲ್ಲಿ ಹಾಡಿರುವ ರೀತಿಯು ಮನೋಜ್ಞವಾದುದು. ಆದರೆ ಒಟ್ಟಿನಲ್ಲಿ ಊದುವ ವಾದ್ಯಗಳು ಮೊದಲೇ ಗೊತ್ತುಮಾಡಿದ ನುಡಿಗಳನ್ನು ಗೊತ್ತಾದ ಎಡೆಗಳಲ್ಲಿ ನುಡಿಸುತ್ತವೆ. ಕಂಠವು ಏನನ್ನು ನುಡಿದರೂ ಅವುಗಳ ಉತ್ತರವು ಮಾತ್ರ ಬದಲಾಗುವುದಿಲ್ಲ. ವರ್ಷವು ಕಳೆಯುವುದರೊಳಗೆ ಮೇಳದಲ್ಲಿ ಹಲವರು ಬಂದು ಹಲವರು ಹೋದರು. ಆಂಡ್ರ್ಯೂ ಸಹ ಹೊರಟು, ಅವನ ಸ್ಥಾನಕ್ಕೆ ಕೆನಡಾ ದೇಶದ ಜಾನ್ ಟಿಲ್ ಬಂದನು. ಅದೇ ಆಗಸ್ಟಿನಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವದಲ್ಲಿ ಈ ಮೇಳದೊಡನೆ ಆಕೆಯು ಹಾಡಿದವುಗಳಲ್ಲಿ ‘ಸಮ್ಮರ್‌ಟೈಮ್’, ‘ಪೀಸ್ ಆಫ್ ಮೈ ಹಾರ್ಟ್’, ‘ಬಾಲ್ ಅಂಡ್ ಚೇನ್’ ಈ ಮೂರೂ ಚೀಪ್ ಥ್ರಿಲ್ಸಿನವೇ. ಅಂದರೆ ಆಕೆಯು ತೊರೆದು ಬಂದ ಮೇಳವು ಕಂಡುಕೊಟ್ಟ ಹಾಡುಗಳನ್ನು ಆಕೆಯು ತೊರೆದಿರಲಿಲ್ಲ, ತೊರೆಯುವಂತೆಯೂ ಇರಲಿಲ್ಲ.

1970ರ ಮೊದಲ ಭಾಗದಲ್ಲಿ ಮೂರನೆಯ ಮೇಳವು ರೂಪುಗೊಂಡಿತು. ಹಿಂದಿನ ಮೇಳದಿಂದ ಟಿಲ್ಲನೂ ಬೇಸ್ ವಾದಕ ಬ್ರ್ಯಾಡ್ ಕ್ಯಾಂಬೆಲನೂ ಉಳಿದರು; ಪಿಯಾನೋದಲ್ಲಿ ರಿಚರ್ಡ್ ಬೆಲ್, ಆರ್ಗನ್ನಿನಲ್ಲಿ ಕೆನ್ ಪಿಯರ್ಸನ್, ಡ್ರಮ್ಮಿನಲ್ಲಿ ಕ್ಲಾರ್ಕ್ ಪಿಯರ್ಸನ್ ಬಂದು ಸೇರಿದರು. ‘ಫುಲ್ ಟಿಲ್ಟ್ ಬೂಗಿ’ ಎಂಬ ಈ ಐವರ ಮೇಳದಲ್ಲಿ ಊದುವ ವಾದ್ಯಗಳಿರಲಿಲ್ಲ. ಜೂನ್ ಜುಲೈ ತಿಂಗಳುಗಳಲ್ಲಿ ಇತರ ಹಲವು ಗಾಯಕರೊಡನೆ ಇವರು ರೈಲಿನಲ್ಲಿಯೇ ಕೆನಡಾ ದೇಶವನ್ನು ದಾಟುತ್ತ ಟೊರಾಂಟೊ, ವಿನಿಪೆಗ್, ಕ್ಯಾಲ್ಗರಿ ನಗರಗಳಲ್ಲಿ ಕಛೇರಿ ನಡೆಸಿದರು. ಸೆಪ್ಟೆಂಬರಿನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಪಾಲ್ ರಾತ್‌ಚೈಲ್ಡನ ಮೇಲ್ವಿಚಾರಣೆಯಲ್ಲಿ ನಾಲ್ಕನೆಯ ಆಲ್ಬಮಿನ ಮುದ್ರಣವು ಆರಂಭವಾಯಿತು. ಅದು ಪೂರ್ಣವಾಗುವುದಕ್ಕೆ ಮುನ್ನ, ಅಕ್ಟೋಬರ್ 4ರಂದು, ಹೆರಾಯಿನ್ ಎಂಬ ಮಾದಕದ ಅತಿಸೇವನೆಯಿಂದ ಆಕೆಯು ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಮರಣ ಹೊಂದಿದಳು. ‘ಪರ್ಲ್’ ಎಂಬ ಈ ಆಲ್ಬಂ 1971ರ ಜನವರಿಯಲ್ಲಿ ಹೊರಬಂದು ಒಂಬತ್ತು ವಾರ ಮೊದಲನೆಯ ಸ್ಥಾನದಲ್ಲಿ ನಿಂತಿತು.

ಮೂರು ಹಿಮ್ಮೇಳಗಳ ತಾರತಮ್ಯವನ್ನು ನಿಷ್ಪಕ್ಷಪಾತವಾಗಿ ನೋಡುವುದಕ್ಕೆ ಒಂದು ಸಾಧನವು ದೊರೆಯುತ್ತದೆ. ಜೆರ್ರಿ ರಾಗವಾಯ್ ಎಂಬ ಗೀತಕಾರನು ಇತರರೊಡಗೂಡಿ ರಚಿಸಿದ ಹಾಡುಗಳು ಚೀಪ್ ಥ್ರಿಲ್ಸಿನಲ್ಲಿಯೂ ಮೂರನೆಯ ಆಲ್ಬಮಿನಲ್ಲಿಯೂ ಪರ್ಲಿನಲ್ಲಿಯೂ ಇವೆ. ಕವಿಯೂ ಕಂಠವೂ ಒಂದೇ ಆಗಿದ್ದು ಹಿಮ್ಮೇಳವೊಂದೇ ಬೇರೆಯಾದಾಗ ಉಂಟಾಗುವ ಭೇದಕ್ಕೆ ಹಿಮ್ಮೇಳವನ್ನೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. 1967ರಲ್ಲಿ ಎರ್ಮಾ ಫ್ರಾಂಕ್ಲಿನ್ನಳು ಮೊದಲು ಹಾಡಿದ ‘ಪೀಸ್ ಆಫ್ ಮೈ ಹಾರ್ಟ್’ ಗೀತವನ್ನು ಬಿಗ್ ಬ್ರದರಿನವರು ಒರಟಾಗಿ ನುಡಿಸುತ್ತಾರೆ. ಗಿಟಾರು ಕಂಠದೊಡನೆ ಜಗಳವಾಡುತ್ತದೆ, ಕಂಠವು ಆ ಜಗಳದಲ್ಲಿ ಗೆಲ್ಲಲೆಂದೇ ಮೇಲಕ್ಕೇರುತ್ತದೆ. ‘ಟ್ರೈ’ ಎಂಬ ಗೀತದಲ್ಲಿ ಕಾಜ್ಮಿಕ್ ಬ್ಲೂಸ್ ಮೇಳವು ಅಚ್ಚುಕಟ್ಟಾಗಿ ಹಿಂದೆ ನಿಲ್ಲುತ್ತದೆ. ಎದುರಾಳಿಯಿಲ್ಲದ ಕಂಠವು ತನ್ನ ಬಲವನ್ನು ತಾನೇ ಹೆಚ್ಚಿಸಿಕೊಂಡು ಆಯಾಸಪಡುತ್ತದೆ. 1963ರಲ್ಲಿ ಗಾರ್ನೆಟ್ ಮಿಮ್ಸ್ ಹಾಡಿದ್ದ ‘ಕ್ರೈ ಬೇಬಿ’ ಗೀತದಲ್ಲಿ ಫುಲ್ ಟಿಲ್ಟ್ ಬೂಗಿಯವರು ಕಂಠವು ಕೂಗುವಾಗ ಹಿಗ್ಗಿ, ಅದು ಮಾತನಾಡುವಂತೆ ತಗ್ಗಿದಾಗ ತಾವೂ ತಗ್ಗಿ ಕಿವಿಗೊಡುತ್ತಾರೆ. ಮೊದಲನೆಯದು ವಿವಾದ, ಎರಡನೆಯದು ಸೇವೆ, ಮೂರನೆಯದು ಸಂವಾದ. ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಬ್ಲೂಸಿನ ಪ್ರಶ್ನೋತ್ತರ ಧರ್ಮಕ್ಕೆ ಸಲ್ಲುವಂಥವು. ಕೌಶಲದಲ್ಲಿ ಮೇಲಾಗಿದ್ದರೂ ಎರಡನೆಯದು ಆ ಧರ್ಮಕ್ಕೆ ದೂರವಾಯಿತು. ಆದುದರಿಂದ ‘ಅಪಕ್ವತೆಯಿಂದ ಪರಿಣತಿಗೆ’ ಎಂಬ ನೇರವಾದ ಏಣಿಯು ಈ ಆಲ್ಬಂಗಳಲ್ಲಿ ಕಾಣದು. ಕ್ಯಾಲ್ಗರಿಯಲ್ಲಿ ಫುಲ್ ಟಿಲ್ಟ್ ಬೂಗಿಯೊಡನೆ ಆಕೆಯು ಹಾಡಿದ ‘ಬಾಲ್ ಅಂಡ್ ಚೇನ್’ 1972ರ ‘ಇನ್ ಕಾನ್ಸರ್ಟ್’ ಸಂಕಲನದಲ್ಲಿ ದೊರೆಯುತ್ತದೆ. ಅದರ ಹಂದರವೂ ಬಿಗ್ ಬ್ರದರ್ ಮೇಳವು ಹಾಕಿಕೊಟ್ಟ ಮೈನರ್ ಶ್ರೇಣಿಯ ಹಂದರವೇ.

ಪರ್ಲ್ ಆಲ್ಬಮಿನಲ್ಲಿ ಈ ವಿಚಾರಕ್ಕೆ ಇನ್ನೊಂದು ಸಾಕ್ಷ್ಯವಿದೆ. ನಿಕ್ ಗ್ರಾವನೈಟಿಸನ ‘ಬರೀಡ್ ಅಲೈವ್ ಇನ್ ದಿ ಬ್ಲೂಸ್’ ಗೀತಕ್ಕೆ ವಾದ್ಯದ ಭಾಗವು ಸಿದ್ಧವಾಗಿದ್ದಿತು. ಕಂಠವನ್ನು ಸೇರಿಸುವ ಮೊದಲೇ ಗಾಯಕಿಯು ತೀರಿಕೊಂಡಳು. ಮೊದಲನೆಯ ಮಗ್ಗುಲಿನ ಕೊನೆಯಲ್ಲಿ ಅದು ಕಂಠವಿಲ್ಲದೆಯೇ ನಿಂತಿದೆ. ಎರಡನೆಯ ಮಗ್ಗುಲಿನಲ್ಲಿ, ಅಕ್ಟೋಬರ್ 1ರಂದು ಮುದ್ರಿತವಾದ ‘ಮರ್ಸಿಡಿಸ್ ಬೆಂಜ್’ ಯಾವ ವಾದ್ಯದ ನೆರವೂ ಇಲ್ಲದ ಬರಿಯ ಕಂಠ. ಒಂದರಲ್ಲಿ ಉತ್ತರವುಂಟು, ನುಡಿಯಿಲ್ಲ. ಇನ್ನೊಂದರಲ್ಲಿ ನುಡಿಯುಂಟು, ಉತ್ತರವಿಲ್ಲ. ಎರಡನ್ನೂ ಕೇಳಿದವನಿಗೆ ಒಂದರ ಕೊರತೆಯಿಂದ ಇನ್ನೊಂದರ ಬೆಲೆಯು ತಿಳಿಯುತ್ತದೆ.

ಹಿಮ್ಮೇಳವೆಂಬ ಮಾತನ್ನು ಇನ್ನೂ ವಿಶಾಲವಾದ ಅರ್ಥದಲ್ಲಿ ತೆಗೆದುಕೊಂಡರೆ, ರಂಗದ ಮೇಲೆ ಕಾಣದ ಹಿಮ್ಮೇಳವೊಂದು ಆಕೆಯ ಬೆನ್ನಿಗಿದ್ದಿತು. ಥಾರ್ನ್‌ಟನ್, ಎರ್ಮಾ ಫ್ರಾಂಕ್ಲಿನ್, ಬೆಸ್ಸಿ ಸ್ಮಿತ್ ಈ ಕರಿಯ ಸ್ತ್ರೀಯರ ಕಂಠಗಳು ಆಕೆಯ ಕಂಠದ ಹಿಂದೆ ನಿಂತಿವೆ. ಅವರಿಗೆ ದೊರೆಯದ ಮನ್ನಣೆಯು ಬಿಳಿಯಳಾದ ಆಕೆಗೆ ಸುಲಭವಾಗಿ ದೊರೆಯಿತೆಂಬುದನ್ನು ಚರಿತ್ರಕಾರನು ಮರೆಮಾಚಬಾರದು. ಆಕೆಯೂ ಈ ಋಣವನ್ನು ಅರಿಯದವಳಲ್ಲ. 1937ರಲ್ಲಿ ಮೃತಳಾದ ಬೆಸ್ಸಿ ಸ್ಮಿತ್ತಳ ಸಮಾಧಿಯು ಪೆನ್ಸಿಲ್ವೇನಿಯಾ ಸಂಸ್ಥಾನದ ಶ್ಯಾರನ್ ಹಿಲ್ಲಿನಲ್ಲಿ ಮೂವತ್ತಮೂರು ವರ್ಷಗಳ ಕಾಲ ಹೆಸರಿನ ಕಲ್ಲಿಲ್ಲದೆ ಇದ್ದಿತು. 1970ರ ಆಗಸ್ಟಿನಲ್ಲಿ ಅಲ್ಲಿ ಶಿಲೆಯನ್ನು ನಿಲ್ಲಿಸಿದರು. ಅದರ ವೆಚ್ಚವನ್ನು ಹಂಚಿಕೊಂಡವರು ಇಬ್ಬರು: ಎಳೆಯತನದಲ್ಲಿ ಬೆಸ್ಸಿಯ ಮನೆಗೆಲಸ ಮಾಡಿದ್ದ ಜುವಾನಿಟಾ ಗ್ರೀನ್ ಮತ್ತು ಜಾನಿಸ್ ಜಾಪ್ಲಿನ್. ಎರಡು ತಿಂಗಳೊಳಗೆ ಜಾಪ್ಲಿನ್ನಳೂ ಕಾಲವಾದಳು.

ಹೆಸರಿಲ್ಲದ ಸಮಾಧಿಗೆ ಹೆಸರನ್ನು ಕೆತ್ತಿಸುವುದು ಯಾವ ನ್ಯಾಯವೋ, ಆಲ್ಬಮಿನ ಚರಿತ್ರೆಯಲ್ಲಿ ವಾದಕರ ಹೆಸರುಗಳನ್ನು ಬರೆದಿಡುವುದೂ ಅದೇ ನ್ಯಾಯ. ಆಂಡ್ರ್ಯೂ, ಗರ್ಲೆ, ಆಲ್ಬಿನ್, ಗೆಟ್ಜ್, ಟಿಲ್, ಕ್ಯಾಂಬೆಲ್, ಬೆಲ್, ಪಿಯರ್ಸನ್ನರಿಬ್ಬರು—ಇವರನ್ನು ಬಿಟ್ಟು ಬರೆದ ಜಾಪ್ಲಿನ್ನಳ ಚರಿತ್ರೆಯು, ಉತ್ತರವನ್ನು ಅಳಿಸಿ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡ ಗ್ರಂಥದಂತೆ ಅಪೂರ್ಣವೇ ಸರಿ.