ಇವಾಂಜೆಲಿಕಲ್ ಮತದಾರರು, ಅಮೆರಿಕದ

ಬೈಬಲ್ಲೇ ಪರಮ ಪ್ರಮಾಣ, ಕ್ರಿಸ್ತನಲ್ಲಿ ಹೊಸ ಹುಟ್ಟು ಪಡೆಯಲೇಬೇಕು ಎಂದು ನಂಬುವ ಪ್ರೊಟೆಸ್ಟಂಟರು. 1976ರಲ್ಲಿ ಇವರಲ್ಲಿ ಅನೇಕರು ತಮ್ಮವನೇ ಎಂಬ ಅಭಿಮಾನದಿಂದ ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್‌ಗೆ ಮತ ಹಾಕಿದ್ದರು. ನಾಲ್ಕೇ ವರ್ಷದಲ್ಲಿ ಗಾಳಿ ತಿರುಗಿತು: 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ಕಟ್ಟಿದ ‘ಮಾರಲ್ ಮೆಜಾರಿಟಿ’ ಸಂಘಟನೆ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಬೆನ್ನಿಗೆ ನಿಂತಿತು. ಗರ್ಭಪಾತವೊಂದೇ ಇದಕ್ಕೆ ಕಾರಣವೆಂಬ ಮಾತು ಅರ್ಧಸತ್ಯ. ವರ್ಣಭೇದ ಪಾಲಿಸುತ್ತಿದ್ದ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈಹಾಕಿದ್ದೂ ಸಿಟ್ಟೆಬ್ಬಿಸಿತ್ತು. 2016, 2020, 2024ರ ಚುನಾವಣೆಗಳಲ್ಲಿ ಬಿಳಿಯ ಇವಾಂಜೆಲಿಕಲರ ಪೈಕಿ ಐವರಲ್ಲಿ ಸುಮಾರು ನಾಲ್ವರು ಡೊನಾಲ್ಡ್ ಟ್ರಂಪ್ ಪರ. ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳಿದ್ದ ಸುಪ್ರೀಂ ಕೋರ್ಟ್ 2022ರಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಪಡಿಸಿತು. ಇದು ಬಿಳಿಯರ ಚಿತ್ರ ಮಾತ್ರ ಎಂಬುದನ್ನು ಮರೆಯಬಾರದು. ಹೆಚ್ಚುಕಡಿಮೆ ಇದೇ ನಂಬಿಕೆಯ ಕಪ್ಪು ಪ್ರೊಟೆಸ್ಟಂಟರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷದ ಜೊತೆಗಿದ್ದಾರೆ. ಸಮೀಕ್ಷೆಗಳು ಇವರನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಎಣಿಸುತ್ತವೆ.